ಟ್ರೇಲರ್ ಹಿಚ್ಚಿನ ತೂತು ಮೊಟ್ಟೆಯಾಗಿದೆ, ಮಳೆಗೆ ಮುಂಚೆ ಏನು ಮಾಡಲಿ?

ಸಾಗರದ_ಸಣ್ಣತೋಟ | ಮೇ 9, ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಮೂರು ಎಕರೆ ಅಡಿಕೆ ತೋಟ ನಮ್ಮದು. ಸಾಲಿನ ನಡುವೆ ಓಡಾಡಲಿ ಅಂತ ಆರು ವರ್ಷದ ಹಿಂದೆ 18 ಎಚ್‌ಪಿಯ ಚಿಕ್ಕ ಟ್ರ್ಯಾಕ್ಟರ್ ತಗೊಂಡೆ. ಎಂಜಿನ್ ಬಗ್ಗೆ ದೂರಿಲ್ಲ. ತಲೆನೋವೆಲ್ಲ ಹಿಂದುಗಡೆ.

ಹಿಚ್ಚು, ಅಂದರೆ ಟ್ರೇಲರ್ ಸಿಕ್ಕಿಸುವ ಜಾಗದಲ್ಲಿ, ಡ್ರಾಬಾರ್ ಅನ್ನುವ ಕಬ್ಬಿಣದ ಪಟ್ಟಿಯ ತೂತು ಸವೆದು ಉದ್ದಕ್ಕೆ ಮೊಟ್ಟೆಯ ಹಾಗೆ ಆಗಿದೆ. ಏರು ಹತ್ತುವಾಗ ಒಂದು ಸಲ ಟಕ್, ಇಳಿಯುವಾಗ ಟ್ರೇಲರ್ ಮುಂದಕ್ಕೆ ನೂಕಿ ಇನ್ನೊಂದು ಸಲ ಟಕ್. ನಮ್ಮ ಅಮ್ಮ ಅಡುಗೆಮನೆಯಲ್ಲಿ ಕೂತೇ "ಅವನು ಹಳ್ಳ ದಾಟಿದ" ಅಂತ ಹೇಳುತ್ತಾರೆ.

ತುಕ್ಕಿನ ಕಥೆ ಬೇರೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಉಜ್ಜಿ ಬಣ್ಣ ಹಚ್ಚುತ್ತೇನೆ. ಅಕ್ಟೋಬರ್‌ಗೆ ನೋಡಿದರೆ ಬಣ್ಣ ಹಪ್ಪಳದ ಹಾಗೆ ಎದ್ದಿರುತ್ತದೆ. ಎರಡು ವರ್ಷದ ಹಿಂದೆ ಪೇಟೆಯ ಒಬ್ಬ ವೆಲ್ಡರ್ ತೂತಿನ ಮೇಲೆ ದಪ್ಪ ವಾಷರ್ ಇಟ್ಟು ಸುತ್ತ ವೆಲ್ಡ್ ಹೊಡೆದುಕೊಟ್ಟ. ಒಂದೇ ಮಳೆಗಾಲ. ಬಿರುಕು ಬಿಟ್ಟು ಕಿತ್ತುಬಂತು.

ಮಳೆ ಹಿಡಿದುಕೊಳ್ಳಲು ಇನ್ನು ಮೂರು ನಾಲ್ಕು ವಾರ ಅಷ್ಟೇ. ನಿಮ್ಮ ಅನುಭವ ಹೇಳಿ.

ಬರಡುಸೀಮೆ | ಮೇ 9, ರಾತ್ರಿ 9:15

ಸುಟ್ಟ ಎಂಜಿನ್ ಆಯಿಲ್ ಬಳಿಯಿರಿ. ಖರ್ಚಿಲ್ಲ. ನಮ್ಮಪ್ಪ ನೇಗಿಲಿಗೂ ಅದನ್ನೇ ಬಳಿಯುತ್ತಿದ್ದರು.

ಪುತ್ತೂರು_ಕೃಷಿಕ | ಮೇ 9, ರಾತ್ರಿ 9:40

ಅದು ಜೋರು ಮಳೆ ಇಲ್ಲದ ಊರಿಗಾಯಿತು ಮಾರಾಯ್ರೇ. ನಮ್ಮಲ್ಲಿ ಜೂನ್ ಎರಡನೇ ವಾರಕ್ಕೆ ಆ ಎಣ್ಣೆ ಕಣಿಯ ನೀರಿನ ಮೇಲೆ ಕಾಮನಬಿಲ್ಲಾಗಿ ತೇಲುತ್ತದೆ. ಅಲ್ಲಿಂದ ತೋಡಿಗೆ, ತೋಡಿನಿಂದ ಬಾವಿಯ ಒರತೆಗೆ. ಸುಟ್ಟ ಆಯಿಲ್ಲಿನಲ್ಲಿ ಆಮ್ಲವೂ ಸೇರಿರುತ್ತದೆ, ಲೋಹದ ಪುಡಿಯೂ ಇರುತ್ತದೆ. ಸವೆಯುವ ಜಾಗಕ್ಕೆ ಅದನ್ನು ಹಾಕುವುದು ಅಂದರೆ ಕಲ್ಲಿರುವ ಅಕ್ಕಿಯನ್ನು ಆರಿಸದೆ ಬೇಯಿಸಿದ ಹಾಗೆ.

ಸಾಗರದವರೇ, ಒಂದು ಪ್ರಶ್ನೆ. ನೀವು ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣದ ಮದ್ದು, ಹೊಡೆಯುವಾಗ ಡ್ರಮ್ಮು, ಪಂಪು ಎಲ್ಲ ಈ ಟ್ರ್ಯಾಕ್ಟರಿನ ಹಿಂದೆಯೇ ಇಟ್ಟುಕೊಳ್ಳುತ್ತೀರಾ?

ಸಾಗರದ_ಸಣ್ಣತೋಟ | ಮೇ 9, ರಾತ್ರಿ 9:52

ಹೌದು. ಎಚ್‌ಟಿಪಿ ಅನ್ನುವ ಮದ್ದು ಹೊಡೆಯುವ ಪಂಪು ಹಿಂದೆ ಕೂರಿಸಿದ್ದೇನೆ. ಡ್ರಮ್ಮು ಟ್ರೇಲರಿನ ಮುಂಭಾಗದಲ್ಲಿ. ಯಾಕೆ?

ಪುತ್ತೂರು_ಕೃಷಿಕ | ಮೇ 9, ರಾತ್ರಿ 10:20

ಹಾಗಾದರೆ ನಿಮ್ಮ ಅರ್ಧ ತುಕ್ಕು ಅಲ್ಲಿಂದ ಬರುತ್ತಿದೆ.

ಮೈಲುತುತ್ತನ್ನು ನಾವು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸುತ್ತೇವೆ. ಮಣ್ಣಿನ ಪಾತ್ರೆಯೂ ಆಗುತ್ತದೆ. ಕಬ್ಬಿಣದ ಬಕೆಟ್ ಮಾತ್ರ ಬೇಡ ಅಂತ ಅಜ್ಜನ ಕಾಲದಿಂದ ಹೇಳುತ್ತಾರೆ. ಮೈಲುತುತ್ತಿನ ನೀರು ಕಬ್ಬಿಣವನ್ನು ಮುಟ್ಟಿದರೆ ಕಬ್ಬಿಣ ಕರಗಿ ನೀರಿಗಿಳಿಯುತ್ತದೆ, ನೀರಿನಲ್ಲಿದ್ದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ. ಮದ್ದು ಸರಿಯಾಗಿದೆಯೋ ಇಲ್ಲವೋ ನೋಡಲು ಕತ್ತಿಯ ತುದಿ ಅದ್ದುತ್ತೀರಲ್ಲ, ಕೆಂಪು ಬಂದರೆ ಸುಣ್ಣ ಸಾಲದು ಅನ್ನುತ್ತೀರಲ್ಲ, ಅದೂ ಇದೇ ಲೆಕ್ಕ. ಆ ಕೆಂಪು ತಾಮ್ರದ್ದು.

ಈಗ ಹಿಚ್ಚಿಗೆ ಬನ್ನಿ. ತಾಮ್ರ ಕೂತ ಜಾಗಕ್ಕೆ ಒದ್ದೆ ತಾಗಿದರೆ ಪಕ್ಕದ ಕಬ್ಬಿಣ ಬೇಗ ಬೇಗ ತಿಂದುಹೋಗುತ್ತದೆ. ಬ್ಯಾಟರಿಯ ಎರಡು ತುದಿ ಇದ್ದ ಹಾಗೆ ಅಂದುಕೊಳ್ಳಿ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ ಹಾಕಿ ಸರಿಯಾಗಿ ಬೆರೆಸಿದ ಮದ್ದು ಅಷ್ಟು ಕೆಟ್ಟದ್ದಲ್ಲ. ಸುಣ್ಣಕ್ಕೆ ಸೇರಿಸುವ ಮೊದಲು ತುಳುಕುವ ಬರೀ ನೀಲಿ ನೀರು ಇದೆಯಲ್ಲ, ಕಿಲಾಡಿ ಅದು. ಡ್ರಮ್ಮು ನಿಮ್ಮ ಹಿಚ್ಚಿನ ತೂತಿಗೆ ತೂರಿಸುವ ಪಿನ್ನಿನ ತಲೆಯ ಮೇಲೆಯೇ ಇದೆ. ಒಂದೊಂದು ಗುಂಡಿಗೂ ಒಂದೊಂದು ಲೋಟ ಅಭಿಷೇಕ.

ನಾನು ಡ್ರಮ್ಮನ್ನು ಟ್ರೇಲರಿನ ಹಿಂಭಾಗಕ್ಕೆ ಸರಿಸಿದೆ. ಮದ್ದು ಮುಗಿದ ಸಂಜೆಯೇ ಮೂರು ಕೊಡ ಒಳ್ಳೆ ನೀರು ಹಿಚ್ಚಿಗೆ ಸುರಿಯುತ್ತೇನೆ. ನಾಳೆ ಅಂತ ಬಿಟ್ಟರೆ ಆಗಲಿಲ್ಲ.

ಮೂಡಿಗೆರೆ_ಎಸ್ಟೇಟ್ಅಕ್ಕ | ಮೇ 10, ಬೆಳಿಗ್ಗೆ 6:30

ಪುತ್ತೂರಿನವರು ಹೇಳಿದ್ದು ನೂರಕ್ಕೆ ನೂರು. ಕಾಫಿಗೂ ಬೋರ್ಡೋ ಹೊಡೆಯುತ್ತೇವೆ, ನಮ್ಮಲ್ಲೂ ಅದೇ ಗೋಳು. ಅದಕ್ಕೆ ಪೊಟ್ಯಾಷ್ ಸೇರಿಸಿಕೊಳ್ಳಿ. ಚೀಲ ಹರಿದು ಹಿಚ್ಚಿನ ಸಂದಿಗೆ ಕೆಂಪು ಹರಳು ಬಿದ್ದಿರುತ್ತದೆ, ಯಾರೂ ಗುಡಿಸುವುದಿಲ್ಲ. ಅದು ಅಡುಗೆ ಉಪ್ಪಿನ ದಾಯಾದಿ. ಗಾಳಿಯ ತೇವ ಎಳೆದುಕೊಂಡು ಅಲ್ಲೇ ಒದ್ದೆಯಾಗಿ ಕೂರುತ್ತದೆ.

ಇನ್ನೊಂದು ಕೇಳಲಾ? ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ಕೊಟ್ಟಿಗೆಯಲ್ಲಂತೂ ಬೇಡ. ಗಂಜಲದ ಹಬೆಗೆ ಕಬ್ಬಿಣ ಉಳಿಯುವುದಿಲ್ಲ. ನಾನು ಎರಡು ವರ್ಷ ಮಾಡಿದ ತಪ್ಪು ಇದು. ಆಮೇಲೆ ಟಾರ್ಪಲ್ ಸುತ್ತಿ ಬಿಗಿಯಾಗಿ ಕಟ್ಟಿದೆ, ಅದು ಇನ್ನೂ ದೊಡ್ಡ ತಪ್ಪು. ಒಳಗೆಲ್ಲ ಬೆವರಿ ಪಿನ್ನು ಬಾವಿಯಿಂದ ಎತ್ತಿದ ಹಾಗಿತ್ತು. ಈಗ ಸೋಗೆ ಮಾಡಿನ ಕೆಳಗೆ ನಿಲ್ಲಿಸುತ್ತೇನೆ, ನಾಲ್ಕೂ ಕಡೆ ಗಾಳಿ.

ಸಾಗರದ_ಸಣ್ಣತೋಟ | ಮೇ 10, ಬೆಳಿಗ್ಗೆ 7:05

ಅಕ್ಕಾ, ನನ್ನ ಮನೆಗೆ ಬಂದು ನೋಡಿ ಹೋದಿರೇನು? ಕೊಟ್ಟಿಗೆಯ ಪಕ್ಕದ ಪಡಸಾಲೆಯಲ್ಲೇ ನಿಲ್ಲಿಸುವುದು.

ಲೇತ್_ಮೇಷ್ಟ್ರು | ಮೇ 10, ಮಧ್ಯಾಹ್ನ 1:30

ಶಿವಮೊಗ್ಗದಲ್ಲಿ ಮೂವತ್ತು ವರ್ಷ ಲೇತ್ ನಡೆಸಿದವನು ನಾನು. ಈಗ ಮಗ ನೋಡಿಕೊಳ್ಳುತ್ತಾನೆ, ನಾನು ಹೀಗೆ ಮೊಬೈಲಿನಲ್ಲಿ ಬುದ್ಧಿ ಹೇಳುತ್ತೇನೆ.

ನೀವೆಲ್ಲ ತುಕ್ಕು ಬೇರೆ, ಸವೆತ ಬೇರೆ ಅಂತ ಮಾತಾಡುತ್ತಿದ್ದೀರಿ. ಎರಡೂ ಒಂದೇ ಕಾಯಿಲೆ. ನಿಮ್ಮ ಪಿನ್ನು ಎಳೆದು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಕುಂಕುಮದಂಥ ನುಣುಪು ಪುಡಿ ಬರುತ್ತದೆ. ಅಕ್ಕಸಾಲಿಗರು ಹೊಳಪು ಕೊಡಲು ಬಳಸುವ ಕೆಂಪು ಪುಡಿ ಇದೆಯಲ್ಲ, ಅದೂ ಕಬ್ಬಿಣದ ಆಕ್ಸೈಡೇ. ಅಂದರೆ ನಿಮ್ಮ ಪಿನ್ನಿಗೂ ತೂತಿಗೂ ನಡುವೆ ದಿನಾ ಪಾಲಿಶ್ ನಡೆಯುತ್ತಿದೆ. ಮಳೆ ಬಂದಾಗ ತುಕ್ಕು ಹಿಡಿಯುತ್ತದೆ, ಗಾಡಿ ಓಡಿದಾಗ ಆ ತುಕ್ಕು ಉದುರುತ್ತದೆ, ಹೊಸ ಕಬ್ಬಿಣ ಬಯಲಾಗುತ್ತದೆ, ಅದಕ್ಕೆ ಮತ್ತೆ ತುಕ್ಕು. ಉದುರಿದ ಪುಡಿ ಹೊರಗೆ ಹೋಗದೆ ಒಳಗೇ ಅರೆಯುತ್ತದೆ. ಸಂದು ದೊಡ್ಡದಾದಷ್ಟೂ ಏಟು ಜೋರು.

ಬಣ್ಣ ಹಚ್ಚಿದ್ದು ಹೊರಮೈಗೆ. ಕಾಯಿಲೆ ಇರುವುದು ತೂತಿನೊಳಗೆ. ಮೊದಲು ವರ್ನಿಯರ್ (ಮಿ.ಮೀ. ಅಳೆಯುವ ಸಲಕರಣೆ) ಇಟ್ಟು ಅಳತೆ ಹೇಳಿ. ಪಿನ್ನು ದಪ್ಪ ಎಷ್ಟು, ತೂತು ಉದ್ದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು. ಪಿನ್ನು ತೂರುವ ಟ್ರೇಲರಿನ ಬಳೆಯದ್ದೂ ಅಳೆಯಿರಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಸಾಗರದ_ಸಣ್ಣತೋಟ | ಮೇ 10, ಸಂಜೆ 6:40

ಮೇಷ್ಟ್ರೇ, ಅಳೆದೆ. ಪಿನ್ನು ಹೊಸದಿದ್ದಾಗ 22 ಮಿ.ಮೀ. ಈಗ ನಡುವೆ 20. ತೂತು ಅಡ್ಡಕ್ಕೆ 24, ಉದ್ದಕ್ಕೆ 29. ಬಳೆಯ ಒಳಗೂ ಒಂದು ಕಡೆ ನಾಲ್ಕು ಮಿ.ಮೀ. ತಿಂದಿದೆ.

ಬಿಳಿ ಬಟ್ಟೆ ಅಂದಿರಿ, ಹಳೆ ಪಂಚೆಯ ತುಂಡು ಸಿಕ್ಕಿತು. ಕುಂಕುಮವೇ ಸೈ. ಪಿನ್ನಿನ ಮೇಲೆ ಉಗುರು ಎಳೆದರೆ ಮೆಟ್ಟಿಲಿಗೆ ಸಿಕ್ಕಿದ ಹಾಗೆ ನಿಲ್ಲುತ್ತದೆ.

ಇನ್ನೊಂದು ಒಪ್ಪಿಕೊಂಡುಬಿಡುತ್ತೇನೆ. ಹೋದ ವರ್ಷ ಪಿನ್ನು ಕಳೆದುಹೋಗಿ ಎರಡು ತಿಂಗಳು ಉದ್ದನೆ ಬೋಲ್ಟ್ ಹಾಕಿ ಓಡಿಸಿದ್ದೆ.

ಲೇತ್_ಮೇಷ್ಟ್ರು | ಮೇ 10, ಸಂಜೆ 7:10

ಬೋಲ್ಟಿನ ಮರೆ, ಅಂದರೆ ತಿರುಪಿನ ಗೆರೆ, ಅರ ಇದ್ದ ಹಾಗೆ. ಎರಡು ತಿಂಗಳು ತೂತಿಗೆ ಅರ ಉಜ್ಜಿದ್ದೀರಿ. ಕೆಲವರು ಮನೆ ಕಟ್ಟುವ ಟಾರ್ ಸರಳು ತುಂಡು ಮಾಡಿ ಹಾಕುತ್ತಾರೆ, ಅದು ಇನ್ನೂ ಕೆಟ್ಟದ್ದು. ಏಣೇಣು ಮೈ, ಜೊತೆಗೆ ತಲೆಯೂ ಇಲ್ಲ, ಕಳಚದಿರಲಿ ಅಂತ ಹಾಕುವ ಲಿಂಚ್ ಪಿನ್ನಿಗೆ ತೂತೂ ಇಲ್ಲ. ಏರಿನಲ್ಲಿ ಕಳಚಿದರೆ ಟ್ರೇಲರ್ ಯಾರ ಮನೆಗೆ ನುಗ್ಗುತ್ತದೋ.

ನಿಮ್ಮ ಮುಂದೆ ಎರಡು ದಾರಿ ಇವೆ. ಡ್ರಾಬಾರ್ ಹೊಸದು ಸಿಗುವ ಹಾಗಿದ್ದರೆ ಹೊಸದೇ ಹಾಕಿ. ಸಿಗದಿದ್ದರೆ ತೂತನ್ನು ಗುಂಡಗೆ ದೊಡ್ಡದು ಮಾಡಿ ಒಳಗೆ ಉಕ್ಕಿನ ಬುಶ್, ಅಂದರೆ ಗಿಡ್ಡ ಕೊಳವೆ, ಹೊಡೆಸಿ. ಆದರೆ ಮೊದಲು ಒಂದು ಮಾತು ನೋಡಿಕೊಳ್ಳಬೇಕು. ತೂತು ದೊಡ್ಡದಾದ ಮೇಲೆ ಬಾರಿನ ಅಂಚಿಗೆ ಎಷ್ಟು ಕಬ್ಬಿಣ ಉಳಿಯುತ್ತದೆ? ಸಣ್ಣ ಟ್ರ್ಯಾಕ್ಟರಿನ ಬಾರು ಅಗಲ ಕಡಿಮೆ. ತೆಳುವಾದರೆ ಬುಶ್ ಆಸೆ ಬಿಡಿ.

ವಾಷರ್ ಯಾಕೆ ಕಿತ್ತುಬಂತು ಅಂದರೆ, ಆ ಬಾರು ಮೆದು ಕಬ್ಬಿಣ ಇರಲಿಕ್ಕಿಲ್ಲ. ಸಾದಾ ವೆಲ್ಡಿಂಗ್ ರಾಡಿನಲ್ಲಿ, ತಣ್ಣನೆ ಬಾರಿನ ಮೇಲೆ ಸುಮ್ನೆ ಹೊಡೆದರೆ ವೆಲ್ಡಿನ ಪಕ್ಕವೇ ಬಿರುಕು. 7018 ನಂಬರಿನ ರಾಡು ಬೇಕು, ಬಾರನ್ನು ಮೊದಲು ಕಾಯಿಸಬೇಕು. ಆ ರಾಡು ತೇವ ಕುಡಿಯುತ್ತದೆ. ನಿಮ್ಮೂರಲ್ಲಿ ಜುಲೈಯಲ್ಲಿ ಪೆಟ್ಟಿಗೆ ಬಿಚ್ಚಿಟ್ಟು ಮರುದಿನ ಹೊಡೆದರೆ ಹಾಳು. ಓವನ್ನಿನಲ್ಲಿ ಒಣಗಿಸಿ ಬಿಸಿ ಇರುವಾಗಲೇ ಬಳಸಬೇಕು. ಅದಕ್ಕೇ ಈ ಕೆಲಸ ಮೇ ತಿಂಗಳಲ್ಲಿ ಮುಗಿಸಿ ಅನ್ನುವುದು.

ವೆಲ್ಡ್ ಹೊಡೆಯುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಅರ್ತ್ ಕ್ಲಾಂಪನ್ನು ವೆಲ್ಡ್ ಮಾಡುವ ತುಂಡಿಗೇ ಹಾಕಿ. ಮುಂದಿನ ಚಕ್ರಕ್ಕೆ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾಯುತ್ತದೆ. ಬಾರನ್ನು ಬಿಚ್ಚಿ ತಂದರೆ ಈ ರಗಳೆಯೇ ಇಲ್ಲ.

ಹಿರಿಯೂರು_ದಾಳಿಂಬೆ | ಮೇ 11, ಬೆಳಿಗ್ಗೆ 9:00

ನಿಮ್ಮಲ್ಲಿ ಒಂದು ತಿಂಗಳಿಗೆ ಬರುವ ಮಳೆ ನಮಗೆ ವರ್ಷಕ್ಕೂ ಬರುವುದಿಲ್ಲ. ತುಕ್ಕಿನ ಚಿಂತೆ ಕಡಿಮೆ. ಆದರೂ ನನ್ನ ಹಿಚ್ಚು ಸವೆಯಿತು. ಕಾರಣ ಗ್ರೀಸು. ಧೂಳೆಲ್ಲ ಗ್ರೀಸಿಗೆ ಅಂಟಿ ಲೋಹ ಅರೆಯುವ ಲ್ಯಾಪಿಂಗ್ ಪೇಸ್ಟ್ ಆಗುತ್ತದೆ. ಆಮೇಲಿಂದ ನಾನು ಒಣಗೇ ಓಡಿಸುತ್ತಿದ್ದೇನೆ. ಗ್ರೀಸು ಹಾಕಬೇಡಿ ಅಂತಲೇ ನನ್ನ ಸಲಹೆ.

ಮೂಡಿಗೆರೆ_ಎಸ್ಟೇಟ್ಅಕ್ಕ | ಮೇ 11, ಬೆಳಿಗ್ಗೆ 9:35

ಅಣ್ಣಾ, ತಪ್ಪು ಗ್ರೀಸಿನದ್ದಲ್ಲ. ಹಳೆಯದನ್ನು ಒರೆಸದೆ ಅದರ ಮೇಲೆ ಹೊಸದು ಮೆತ್ತುತ್ತೀರಲ್ಲ, ಅದರದ್ದು. ಹಲ್ಲು ಉಜ್ಜದೆ ಊಟದ ಮೇಲೆ ಊಟ ಮಾಡಿದ ಹಾಗೆ.

ನಾನು ಮಾಡುವುದು ಹೇಳುತ್ತೇನೆ. ಸಂತೆಯ ದಿನ ಆಳುಗಳಿಗೆ ರಜೆ, ಗಾಡಿಗೂ ರಜೆ. ಪಿನ್ನು ಎಳೆಯುತ್ತೇನೆ. ಸೀಮೆಎಣ್ಣೆ ಈಗ ಸಿಗುವುದಿಲ್ಲ, ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಪಿನ್ನು, ತೂತು, ಬಳೆ ಮೂರನ್ನೂ ಒರೆಸುತ್ತೇನೆ. ತೂತಿನೊಳಗೆ ಬಟ್ಟೆಯನ್ನು ಬತ್ತಿಯ ಹಾಗೆ ಹೊಸೆದು ತೂರಿಸಿ ಆ ಕಡೆಯಿಂದ ಎಳೆಯಬೇಕು. ಮೊದಲ ಸಲ ಕಪ್ಪು, ಎರಡನೇ ಸಲ ಕಂದು, ಮೂರನೇ ಸಲಕ್ಕೆ ಬಟ್ಟೆ ಬೆಳ್ಳಗೆ ಬರುತ್ತದೆ. ಆಮೇಲೆ ಬೆರಳಲ್ಲಿ ತೆಳ್ಳಗೆ ಗ್ರೀಸು. ಹಾಕುವಾಗ ಪಿನ್ನನ್ನು ಕಾಲು ಸುತ್ತು ತಿರುಗಿಸಿ ಹಾಕುತ್ತೇನೆ, ಒಂದೇ ಕಡೆ ಸವೆಯದಿರಲಿ ಅಂತ. ಹತ್ತು ನಿಮಿಷದ ಕೆಲಸ. ನಾಲ್ಕು ವರ್ಷದಿಂದ ಅದೇ ಪಿನ್ನು.

ನನ್ನ ಯಜಮಾನರು ಇದನ್ನು ಪೂಜೆ ಅನ್ನುತ್ತಾರೆ. ಅನ್ನಲಿ.

ಹಿರಿಯೂರು_ದಾಳಿಂಬೆ | ಮೇ 11, ಬೆಳಿಗ್ಗೆ 10:10

ಅಕ್ಕಾ, ವಾರ ವಾರ ಒರೆಸುವವರಿಗೆ ಸರಿ. ನಮ್ಮಲ್ಲಿ ಒಂದೇ ದಿನಕ್ಕೆ ಧೂಳು ತುಂಬುತ್ತದೆ. ರೋಟಾವೇಟರ್ ಹೊಡೆದ ಸಂಜೆ ಗಾಡಿಯ ಬಣ್ಣವೇ ಕಾಣುವುದಿಲ್ಲ.

ಲೇತ್_ಮೇಷ್ಟ್ರು | ಮೇ 11, ಮಧ್ಯಾಹ್ನ 2:00

ಇಬ್ಬರ ಮಾತೂ ಸರಿ, ಊರು ಬೇರೆ. ಹಿರಿಯೂರಿನವರಿಗೆ ಒಂದು ಉಪಾಯ. ಹೊರಗಿನಿಂದ ಮೆತ್ತಿದ ಗ್ರೀಸು ಧೂಳನ್ನು ಒಳಗೆ ಕರೆಯುತ್ತದೆ. ಒಳಗಿನಿಂದ ಬಂದ ಗ್ರೀಸು ಧೂಳನ್ನು ಹೊರಗೆ ನೂಕುತ್ತದೆ. ಪಿನ್ನಿನ ತಲೆಯಿಂದ ನಡುವಿನವರೆಗೆ ಸಣ್ಣ ತೂತು ಕೊರೆಸಿ, ಅಲ್ಲಿಂದ ಪಕ್ಕಕ್ಕೆ ಒಂದು ತೂತು, ತಲೆಯ ಮೇಲೆ ಗ್ರೀಸ್ ನಿಪ್ಪಲ್. ದಿನಾ ಸಂಜೆ ಗನ್ನಿನಿಂದ ಎರಡು ಪಂಪು. ಹಳೆ ಕಪ್ಪು ಗ್ರೀಸು ಅಂಚಿನಿಂದ ಹೊರಗೆ ಬರುವುದು ಕಾಣುತ್ತದೆ. ಅದನ್ನು ಒರೆಸಿಬಿಡಿ, ಮುಗೀತು.

ಒಂದು ಎಚ್ಚರ. ಪಕ್ಕದ ತೂತು ಬಳೆಯ ನಡುವಿಗೆ ಬರಬೇಕು. ಮೇಲಿನ ತಟ್ಟೆಗೂ ಬಳೆಗೂ ಸೇರುವ ಗೆರೆಯಲ್ಲಿ ಬಂದರೆ ಪಿನ್ನು ಅಲ್ಲೇ ಕತ್ತರಿಸಿಹೋಗುತ್ತದೆ. ಎಳೆತದ ಕತ್ತರಿ ಬೀಳುವುದು ಆ ಗೆರೆಯಲ್ಲೇ. ಅಳೆದು ಕೊರೆಸಿ, ಅಂದಾಜಿಗೆ ಬೇಡ.

ಪೂರ್ತಿ ಒಣಗೆ ಓಡಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ.

ತೀರ್ಥಹಳ್ಳಿ_ತುಂಗಾತೀರ | ಮೇ 11, ರಾತ್ರಿ 8:20

ಯಾರೂ ಚೊಗರಿನ ಬಗ್ಗೆ ಮಾತೇ ಎತ್ತಲಿಲ್ಲವಲ್ಲ! ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ನೋಡಿ, ಮಸಿ ಬಳಿದ ಹಾಗೆ ಇರುತ್ತದೆ. ಅಂಗಡಿಯಲ್ಲಿ ತುಕ್ಕು ಕಪ್ಪಾಗಿಸುವ ದ್ರಾವಣ ಮಾರುತ್ತಾರಲ್ಲ, ಕೆಲವದರಲ್ಲಿ ಇರುವುದು ಟ್ಯಾನಿಕ್ ಆಮ್ಲ. ಚೊಗರಿನಲ್ಲೂ ಅದೇ ಜಾತಿಯ ಒಗರು. ನಮ್ಮ ಗೇಟಿನ ತಿರುಗಣಿಗೆ ಹಚ್ಚಿ ನೋಡಿದೆ. ತುಕ್ಕು ಕಪ್ಪಾಗಿ ಗಟ್ಟಿಯಾಯಿತು.

ಪುತ್ತೂರು_ಕೃಷಿಕ | ಮೇ 11, ರಾತ್ರಿ 8:45

ಎಷ್ಟು ಮಳೆ ತಡೆಯಿತು, ಅದನ್ನು ಹೇಳಿ.

ತೀರ್ಥಹಳ್ಳಿ_ತುಂಗಾತೀರ | ಮೇ 11, ರಾತ್ರಿ 8:58

ಎರಡು. ಮೂರನೆಯದಕ್ಕೆ ಮತ್ತೆ ಕೆಂಪು. ನಾವು ಆಗುಂಬೆಯ ಮಗ್ಗುಲಲ್ಲಿ ಇರುವವರು, ಅಲ್ಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಬೀಳುತ್ತದೆ. ನಮ್ಮ ಎರಡು ಮಳೆ ನಿಮ್ಮ ಹತ್ತು ಮಳೆಗೆ ಸಮ ಅಂತ ವಾದಿಸಬಹುದು 😄

ಲೇತ್_ಮೇಷ್ಟ್ರು | ಮೇ 11, ರಾತ್ರಿ 9:20

ಆಟಕ್ಕೆ ಸರಿ. ಚೊಗರಿನಲ್ಲಿ ಜಿಗುಟು ಬೇರೆ ಏನೇನೋ ಇರುತ್ತದೆ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಫಾಸ್ಫಾರಿಕ್ ಆಮ್ಲದ ದ್ರಾವಣ ತಂದು ಹಚ್ಚಿ, ಕೈಗೆ ಗ್ಲೌಸ್ ಇರಲಿ.

ಹೊರಮೈಯ ಬಣ್ಣ ಹೇಗೆ ಅಂತ ಹೇಳಿಬಿಡುತ್ತೇನೆ. ಹಪ್ಪಳ ಏಳುವುದು ಯಾಕೆಂದರೆ ಬಣ್ಣದ ಅಡಿಯಲ್ಲಿ ತುಕ್ಕು, ಎಣ್ಣೆಜಿಡ್ಡು, ಇಲ್ಲವೇ ಮೈಲುತುತ್ತಿನ ಉಪ್ಪು ಉಳಿದಿರುತ್ತದೆ. ಮೊದಲು ಸೋಪಿನ ನೀರಲ್ಲಿ ತೊಳೆಯಿರಿ. ತೊಳೆಯದೆ ವೈರ್ ಬ್ರಶ್ ಹಾಕಿದರೆ ಜಿಡ್ಡನ್ನೇ ತಿಕ್ಕಿ ತಿಕ್ಕಿ ಒಳಗೆ ಕೂರಿಸಿದ ಹಾಗೆ. ಚೆನ್ನಾಗಿ ಒಣಗಿದ ಮೇಲೆ ವೈರ್ ಬ್ರಶ್, ಎಮರಿ. ಥಿನ್ನರಿನಲ್ಲಿ ಒರೆಸಿ ಅದೇ ದಿನ ಪ್ರೈಮರ್. ರೆಡ್ ಆಕ್ಸೈಡ್ ಅಗ್ಗ, ಸಿಗುತ್ತದೆ. ಆದರೆ ಅದು ಬರೀ ಅಡಿಪಾಯ. ಎಷ್ಟೋ ಜನ ಅದನ್ನೇ ಹಚ್ಚಿ ಕೆಂಪಗೆ ಚೆಂದ ಕಾಣುತ್ತದೆ ಅಂತ ಬಿಡುತ್ತಾರೆ. ಅದು ನೀರು ಕುಡಿಯುತ್ತದೆ. ಮೇಲೆ ಎರಡು ಕೋಟ್ ಎನಾಮೆಲ್ ಬೇಕೇ ಬೇಕು. ಎಪಾಕ್ಸಿ ಹಚ್ಚುವ ಶಕ್ತಿ ಇದ್ದರೆ ಇನ್ನೂ ಒಳ್ಳೆಯದು. ಚೂಪು ಅಂಚಿನಲ್ಲಿ ಬಣ್ಣ ತೆಳ್ಳಗೆ ಕೂರುತ್ತದೆ, ಅಲ್ಲಿಂದಲೇ ತುಕ್ಕು ಶುರು. ಅಂಚನ್ನು ಅರದಲ್ಲಿ ಸ್ವಲ್ಪ ಉರುಟು ಮಾಡಿ, ಬ್ರಶ್ಶಿನಲ್ಲಿ ಒಂದು ಪಟ್ಟಿ ಜಾಸ್ತಿ ಎಳೆಯಿರಿ.

ತೂತಿನೊಳಗೆ, ಪಿನ್ನಿಗೆ, ಲೋವರ್ ಲಿಂಕಿನ (ಸಲಕರಣೆ ಹಿಡಿಯುವ ಕೆಳಗಿನ ತೋಳಿನ) ಗುಂಡಿಗೆ ಬಣ್ಣ ಬೇಡ. ಅಲ್ಲಿ ಬಣ್ಣ ಒಂದೇ ದಿನಕ್ಕೆ ಸುಲಿದು ಗ್ರೀಸಿಗೆ ಕಸವಾಗುತ್ತದೆ.

ಬರಡುಸೀಮೆ | ಮೇ 12, ಬೆಳಿಗ್ಗೆ 7:30

ಸುಟ್ಟ ಆಯಿಲ್ ವಾಪಸ್ ತಗೊಂಡೆ ಮಾರಾಯ್ರೇ, ಎಲ್ಲರೂ ಸೇರಿ ಬಡಿಯಬೇಡಿ. ಡಬ್ಲ್ಯೂಡಿ-40 ಹೊಡೆದರೆ ಹೇಗೆ? ಒಂದು ಡಬ್ಬಿ ಮನೆಯಲ್ಲಿದೆ.

ಲೇತ್_ಮೇಷ್ಟ್ರು | ಮೇ 12, ಬೆಳಿಗ್ಗೆ 8:00

ಅದರ ಹೆಸರಲ್ಲೇ ಉತ್ತರ ಇದೆ. ನೀರನ್ನು ಓಡಿಸುವ ದ್ರಾವಣ, ನಲವತ್ತನೇ ಪ್ರಯತ್ನ. 1953ರಲ್ಲಿ ಅಮೆರಿಕದಲ್ಲಿ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಿರಲಿ ಅಂತ ಮಾಡಿದ್ದು. ಒದ್ದೆಯಾದ ಪಿನ್ನಿನಿಂದ ನೀರು ಬಿಡಿಸಲು, ಬಿಗಿದುಕೊಂಡ ಮರೆ ಸಡಿಲಿಸಲು ಪರವಾಗಿಲ್ಲ. ಭಾರ ಎಳೆಯುವ ಪಿನ್ನಿಗೆ ಗ್ರೀಸಿನ ಬದಲು ಅಲ್ಲ. ತೆಳ್ಳಗಿನ ಪದರ, ನಿಲ್ಲುವುದಿಲ್ಲ.

ಕುಂದಾಪುರ_ತೆಂಗು | ಮೇ 12, ಬೆಳಿಗ್ಗೆ 11:15

ಸಮುದ್ರದಿಂದ ಎರಡು ಕಿ.ಮೀ. ಒಳಗೆ ನಮ್ಮ ತೋಟ. ಉಪ್ಪುಗಾಳಿಗೆ ಬೀಗವೇ ಉಳಿಯುವುದಿಲ್ಲ, ಹಿಚ್ಚು ಯಾವ ಲೆಕ್ಕ. ನಮಗೆ ಕೆಲಸ ಮಾಡಿದ್ದು ಅಗಸೆ ಎಣ್ಣೆ. ಬಣ್ಣದಂಗಡಿಯಲ್ಲಿ ಮರಕ್ಕೆ ಹಚ್ಚಲು ಕಾಯಿಸಿದ ಅಗಸೆ ಎಣ್ಣೆ ಅಂತ ಸಿಗುತ್ತದೆ. ಸಲಕರಣೆಗೆ ತೆಳ್ಳಗೆ ಹಚ್ಚಿ ಬಿಸಿಲಿಗೆ ಇಟ್ಟರೆ ಒಣಗಿ ಪೊರೆಯಾಗುತ್ತದೆ. ತೆಂಗಿನೆಣ್ಣೆ ಹಚ್ಚಿದವರೂ ಇದ್ದಾರೆ. ಅದು ಒಣಗುವುದೇ ಇಲ್ಲ, ಇರುವೆ ಬರುತ್ತದೆ ಅಷ್ಟೇ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಹೊಸಬ_ಶಿರಸಿ | ಮೇ 12, ಮಧ್ಯಾಹ್ನ 12:40

ನನ್ನದು ಬೇರೆ ಪ್ರಶ್ನೆ. ಡ್ರಾಬಾರ್ ಹೀಗೆ ಸವೆದಿದ್ದರೆ ಅದನ್ನು ಬಿಟ್ಟು ಟಾಪ್ ಲಿಂಕ್ (ಸಲಕರಣೆ ಹಿಡಿಯುವ ಮೇಲಿನ ತೋಳು) ಕೂರಿಸುವ ಜಾಗಕ್ಕೆ ಸರಪಳಿ ಕಟ್ಟಿ ಮರದ ದಿಮ್ಮಿ ಎಳೆಯಬಹುದಾ? ಅಲ್ಲಿ ಪಿನ್ನು ಗಟ್ಟಿ ಇದೆ.

ಲೇತ್_ಮೇಷ್ಟ್ರು | ಮೇ 12, ಮಧ್ಯಾಹ್ನ 12:48

ಬೇಡ. ಬೇಡವೇ ಬೇಡ. ಊಟ ಬಿಟ್ಟು ಬರೆಯುತ್ತಿದ್ದೇನೆ.

ಎಳೆತ ಹಿಂದಿನ ಆಕ್ಸಲ್ಲಿಗಿಂತ ಮೇಲೆ ಬಿದ್ದರೆ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತುವಷ್ಟು ಹೊತ್ತೂ ಸಿಗುವುದಿಲ್ಲ. ಚಿಕ್ಕ ಟ್ರ್ಯಾಕ್ಟರ್ ಅಂತ ಸಸಾರ ಮಾಡಬೇಡಿ, ಅದರ ಮೂತಿ ಇನ್ನೂ ಹಗುರ. ಎಳೆಯುವುದೇನಿದ್ದರೂ ಕೆಳಗಿನ ಡ್ರಾಬಾರಿಗೆ. ಮೂರು ಕೊಂಡಿಯ ಲಿಂಕೇಜ್ ಇರುವುದು ಅದಕ್ಕೆ ಕೂರುವ ಸಲಕರಣೆಗೆ ಮಾತ್ರ.

ಹೊಸಬ_ಶಿರಸಿ | ಮೇ 12, ಮಧ್ಯಾಹ್ನ 1:20

ಸರ್, ಹೋದ ವಾರ ಎರಡು ದಿಮ್ಮಿ ಹಾಗೇ ಎಳೆದಿದ್ದೆ. ಮೂತಿ ಒಂದು ಸಲ ಗೇಣುದ್ದ ಎದ್ದಿತ್ತು. ಇನ್ನು ಇಲ್ಲ.

ಸಾಗರದ_ಸಣ್ಣತೋಟ | ಮೇ 24, ರಾತ್ರಿ 9:10

ಕೆಲಸ ಆಯಿತು. ಡ್ರಾಬಾರ್ ಹೊಸದು ತರಿಸಲು ತಿಂಗಳು ಬೇಕು ಅಂದರು. ಬಿಚ್ಚಿ ಲೇತಿಗೆ ಕೊಟ್ಟೆ. ಅಂಚಿಗೆ ಕಬ್ಬಿಣ ಸಾಕಷ್ಟು ಉಳಿಯಿತು. ತೂತನ್ನು 32ಕ್ಕೆ ಕೊರೆದು ಬುಶ್ ಬಿಗಿಯಾಗಿ ಕೂರಿಸಿದರು, ಒಳಗೆ 22.5. ಹೊಸ ಪಿನ್ನು ಇಎನ್8 ಉಕ್ಕಿನದ್ದು, 22. ಬಳೆಗೂ ಹಾಗೇ ಒಂದು ಬುಶ್.

ಬುಶ್ಶನ್ನು ಪಿನ್ನಿಗಿಂತ ಮೆದು ಇಟ್ಟಿದ್ದೇವೆ. ಮುಂದೆ ಸವೆದರೆ ಬುಶ್ ಸವೆಯಲಿ, ಬಾರು ಉಳಿಯಲಿ ಅಂತ ಮೇಷ್ಟ್ರು ಫೋನಿನಲ್ಲಿ ಹೇಳಿದ್ದರು. ಬಾರಿಗೆ ಬಣ್ಣ ಮೇಷ್ಟ್ರು ಹೇಳಿದ ಕ್ರಮದಲ್ಲೇ ಆಯಿತು. ಅಂಚು ಉರುಟು ಮಾಡುವುದಕ್ಕೇ ಅರ್ಧ ದಿನ ಹಿಡಿಯಿತು. ಡ್ರಮ್ಮು ಟ್ರೇಲರಿನ ಹಿಂದಕ್ಕೆ ಹೋಯಿತು. ಗಾಡಿ ಕೊಟ್ಟಿಗೆ ಬಿಟ್ಟು ಸೌದೆಮನೆಗೆ ಬಂತು. ಸೌದೆ ಎಲ್ಲಿಡುವುದು ಅಂತ ಈಗ ಮನೆಯಲ್ಲಿ ಇನ್ನೊಂದು ಚರ್ಚಾ ವೇದಿಕೆ ನಡೆಯುತ್ತಿದೆ.

ಮೂಡಿಗೆರೆ_ಎಸ್ಟೇಟ್ಅಕ್ಕ | ಮೇ 25, ಬೆಳಿಗ್ಗೆ 6:15

ಒಳ್ಳೆಯದಾಯಿತು. ಗ್ರೀಸಿನ ಡಬ್ಬಿ, ಬಟ್ಟೆ ಎರಡನ್ನೂ ಟ್ರ್ಯಾಕ್ಟರಿನ ಮೇಲೆಯೇ ಕಟ್ಟಿಡಿ. ಮನೆಯೊಳಗೆ ಇಟ್ಟರೆ ನಾಳೆ ನಾಳೆ ಆಗುತ್ತದೆ. ಪ್ರೆಶರ್ ಪಂಪಿನಲ್ಲಿ ತೊಳೆಯುವ ಅಭ್ಯಾಸ ಇದ್ದರೆ ತೊಳೆದ ಮೇಲೆ ಗ್ರೀಸು ಹಾಕಲೇಬೇಕು. ಆ ನೀರು ಸಂದಿಯೊಳಗೆ ನುಗ್ಗಿ ಅಲ್ಲೇ ನಿಲ್ಲುತ್ತದೆ.

ಸಾಗರದ_ಸಣ್ಣತೋಟ | ನವೆಂಬರ್ 3, ಸಂಜೆ 7:30

ಆರು ತಿಂಗಳಾದ ಮೇಲೆ ಈ ಚರ್ಚೆಯನ್ನು ಮೇಲೆತ್ತುತ್ತಿದ್ದೇನೆ. ಅಡಿಕೆ ಕೊನೆಕೊಯ್ಲು ಶುರುವಾಗುವ ಮೊದಲು ಎಲ್ಲ ಬಿಚ್ಚಿ ನೋಡಿದೆ.

ಪಿನ್ನಿನ ಮೇಲೆ ಉಗುರು ಎಳೆದರೆ ಎಲ್ಲೂ ನಿಲ್ಲುವುದಿಲ್ಲ. ಬುಶ್ ಒಳಗೆ ವರ್ನಿಯರ್ ಇಟ್ಟರೆ ಉದ್ದಕ್ಕೆ 22.7. ಬಟ್ಟೆಗೆ ಬಂದದ್ದು ಕಪ್ಪು, ಕುಂಕುಮ ಅಲ್ಲ. ವಾರಕ್ಕೊಮ್ಮೆ ಒರೆಸುತ್ತೇನೆ ಅಂದಿದ್ದೆ. ನಿಜ ಹೇಳಬೇಕೆಂದರೆ ಜುಲೈಯಲ್ಲಿ ಎರಡು ವಾರ, ಆಗಸ್ಟ್‌ನಲ್ಲಿ ಒಂದು ವಾರ ತಪ್ಪಿತು. ಎರಡು ಸಲ ಮದ್ದು ಹೊಡೆದ ದಿನ ಮಾತ್ರ ತಪ್ಪದೆ ನೀರು ಸುರಿದೆ. ಬಣ್ಣ ಒಂದು ಕಡೆ, ಸರಪಳಿ ತಾಗುವಲ್ಲಿ, ಎದ್ದಿದೆ. ಉಳಿದದ್ದು ಹಾಗೇ ಇದೆ.

ಅಮ್ಮನದ್ದೊಂದು ತಕರಾರು. ಟಕ್ ಶಬ್ದ ನಿಂತುಹೋಗಿ ನಾನು ಬರುವುದು ಗೊತ್ತಾಗುವುದಿಲ್ಲವಂತೆ, ಕಾಫಿ ಆರಿಹೋಗುತ್ತದಂತೆ.

ಈಗ ಹೊಸ ತೊಂದರೆ. ಹಿಚ್ಚಿನ ಮೇಲೆ ಕಣ್ಣಿಟ್ಟು ಟಾಪ್ ಲಿಂಕನ್ನು ಮರೆತೆ. ಮರೆ ಪೂರ್ತಿ ಹೊರಗೆ ಚಾಚಿದ ಹಾಗೇ ಮಳೆಗಾಲ ಪೂರ್ತಿ ನೇತಾಡುತ್ತಿತ್ತು. ಈಗ ಅಲುಗುವುದಿಲ್ಲ. ಕಬ್ಬಿಣದ ಸರಳು ತೂರಿಸಿ ತಿರುಗಿಸಿದೆ, ಸರಳು ಬಾಗಿತು.

ಲೇತ್_ಮೇಷ್ಟ್ರು | ನವೆಂಬರ್ 3, ರಾತ್ರಿ 8:05

ಜೋರು ಮಾಡಬೇಡಿ, ಮರೆ ಕಿತ್ತುಹೋಗುತ್ತದೆ. ಹೊರಗೆ ಕಾಣುವ ಮರೆಯನ್ನು ವೈರ್ ಬ್ರಶ್ಶಿನಲ್ಲಿ ಪೂರ್ತಿ ಸ್ವಚ್ಛ ಮಾಡಿ. ಆ ತುಕ್ಕು ಒಳಗೆ ಹೋದರೆ ಇನ್ನೂ ಬಿಗಿಯುತ್ತದೆ. ನಿಲ್ಲಿಸಿ ಇಟ್ಟು, ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ನಡುವಿನ ಕೊಳವೆಯ ಮೇಲೆ ಸುತ್ತಲೂ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯಿರಿ. ಒಂದೇ ಕಡೆ ತಿರುಗಿಸಬೇಡಿ. ಅಷ್ಟು ಹಿಂದೆ, ಅಷ್ಟು ಮುಂದೆ. ಆಗದಿದ್ದರೆ ಡೀಸೆಲ್ ಒರೆಸಿ ಒಣಗಿಸಿ, ಆಮೇಲೆ ಲೇತಿಗೆ ತನ್ನಿ. ಕೊಳವೆ ಕಾಯಿಸಿ ಬಿಡಿಸೋಣ.

ಬಿಟ್ಟ ಮೇಲೆ ಮರೆಗೆ ಗ್ರೀಸು ಹಾಕಿ ಪೂರ್ತಿ ಒಳಗೆ ತಿರುಗಿಸಿಡಿ. ಕೆಲಸ ಇಲ್ಲದ ದಿನ ಮರೆ ಹೊರಗೆ ಕಾಣಬಾರದು. ಕೆಳಗಿನ ತೋಳು ಅಡ್ಡಕ್ಕೆ ಅಲುಗದಂತೆ ಹಿಡಿಯುವ ಚೆಕ್ ಚೈನಿನ ತಿರುಗಣಿ, ಅದರ ಎತ್ತರ ಸರಿಮಾಡುವ ಲೆವೆಲಿಂಗ್ ರಾಡಿನ ಮರೆಗೂ ಇದೇ ಮಾತು.

ಸಾಗರದ_ಸಣ್ಣತೋಟ | ನವೆಂಬರ್ 5, ಬೆಳಿಗ್ಗೆ 10:25

ಎರಡು ರಾತ್ರಿ ಬೇಕಾಯಿತು ಮೇಷ್ಟ್ರೇ. ಇವತ್ತು ಬೆಳಿಗ್ಗೆ ಕಾಲು ಸುತ್ತು ತಿರುಗಿತು, ಕಿರ್ ಅಂತ ಶಬ್ದ ಮಾಡಿಕೊಂಡು. ಚೆಕ್ ಚೈನಿನ ತಿರುಗಣಿಯನ್ನು ಈಗ ನೋಡಿದೆ. ಅದೂ ಹಿಡಿದುಕೊಂಡಿದೆ. ಡೀಸೆಲ್ ಬಿಟ್ಟು ಬಂದಿದ್ದೇನೆ.